ಖಾಸಗಿ ಸಂಗ್ರಹದ ಚಲನಚಿತ್ರ ಧ್ವನಿಮುದ್ರಿಕೆಗಳು: ಮರುನೋಟ ಮತ್ತು ಮರುಶ್ರವಣದ ಜಾನಪದೀಯ ನೆಲೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನದ, ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ತಯಾರಾದ ಆ ಚಿತ್ರದಲ್ಲಿ ಆರ್. ನಾಗೇಂದ್ರರಾಯರು ರಾವಣನಾಗಿಯೂ ಸುಬ್ಬಯ್ಯನಾಯ್ಡು ಇಂದ್ರಜಿತುವಾಗಿಯೂ ತ್ರಿಪುರಾಂಬ ಸುಲೋಚನೆಯಾಗಿಯೂ ಅಭಿನಯಿಸಿದ್ದರು. ವೃತ್ತಿರಂಗಭೂಮಿಯಲ್ಲಿ ಪಳಗಿದ ಕಂಠಗಳು ತೆರೆಯ ಮೇಲಿಂದ ಕನ್ನಡದಲ್ಲಿ ಮಾತನಾಡಿದ್ದು ಆಗ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಭಾರತದಲ್ಲಿ ತಯಾರಾದ ಸುಮಾರು ೧೩೦೦ ಮೂಕಿಚಿತ್ರಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ದೊರೆತಿವೆ. ಆರಂಭದ ವಾಕ್ಚಿತ್ರಗಳ ಗತಿಯೂ ಹೆಚ್ಚು ಭಿನ್ನವಲ್ಲ. ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಸುರುಳಿ, ಅದರಲ್ಲಿನ ಬೆಳ್ಳಿಯ ಅಂಶಕ್ಕಾಗಿ ಅದನ್ನು ಕರಗಿಸಿ ಮಾರುವ ಪದ್ಧತಿ, ಪ್ರದರ್ಶನ ಮುಗಿದ ಚಿತ್ರಕ್ಕೆ ಬೆಲೆಯಿಲ್ಲವೆಂಬ ಉದ್ಯಮದ ನಂಬಿಕೆ ಇವೆಲ್ಲ ಸೇರಿ ಈ ನಷ್ಟವಾಗಿದೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಸ್ಥಾಪನೆಯಾದದ್ದು ೧೯೬೪ರಲ್ಲಿ, ಅಂದರೆ ಕನ್ನಡ ವಾಕ್ಚಿತ್ರಕ್ಕೆ ಮೂವತ್ತು ವರ್ಷ ತುಂಬಿದ ಮೇಲೆ. ಆ ಮೂವತ್ತು ವರ್ಷಗಳಲ್ಲಿ, ಅನಂತರವೂ ಬಹುಕಾಲ, ಚಲನಚಿತ್ರದ ನೆನಪನ್ನು ಕಾಪಾಡಿದ್ದು ಸಂಸ್ಥೆಗಳಲ್ಲ, ಮನೆಗಳು. ಗೋಡೆಯ ಕಪಾಟಿನಲ್ಲಿ ಗ್ರಾಮಫೋನ್ ತಟ್ಟೆಗಳನ್ನೂ ಟ್ರಂಕಿನೊಳಗೆ ಹಾಡಿನ ಪುಸ್ತಕಗಳನ್ನೂ ಜೋಡಿಸಿಟ್ಟುಕೊಂಡ ಗುಮಾಸ್ತರು, ಶಾಲಾ ಉಪಾಧ್ಯಾಯರು, ಅಂಗಡಿಕಾರರು ಈ ಕೆಲಸವನ್ನು ಯಾರೂ ಹೇಳದೆಯೇ ಮಾಡಿದರು.

ಇಂತಹ ಖಾಸಗಿ ಸಂಗ್ರಹಗಳನ್ನು ಇದುವರೆಗೆ ಹವ್ಯಾಸವೆಂದು ಬಗೆದು ಬದಿಗಿರಿಸಲಾಗಿದೆ. ಚಲನಚಿತ್ರ ಇತಿಹಾಸಕಾರರಿಗೆ ಅವು ಅಪೂರ್ವ ಹಾಡು ಸಿಗಬಹುದಾದ ಉಗ್ರಾಣ. ಜಾನಪದ ವಿದ್ವಾಂಸರಿಗೆ ‘ಸಿನಿಮಾ ಹಾಡು’ ಎಂಬ ಕಾರಣಕ್ಕೇ ಅವು ಅಸ್ಪೃಶ್ಯ. ಆದರೆ ಒಬ್ಬ ವ್ಯಕ್ತಿ ತಾನು ಮೆಚ್ಚಿದ ಚಿತ್ರವನ್ನು ಹತ್ತಾರು ವರ್ಷಗಳ ಮೇಲೆ ಮತ್ತೆ ನೋಡುವಾಗ, ಅದರ ಹಾಡುಗಳನ್ನು ತನ್ನದೇ ಸಂಗ್ರಹದಿಂದ ತೆಗೆದು ಮತ್ತೆ ಕೇಳುವಾಗ ನಡೆಯುವ ಕ್ರಿಯೆ ಜಾನಪದ ಅಧ್ಯಯನಕ್ಕೆ ತೀರ ಪರಿಚಿತವಾದದ್ದು. ಅಲನ್ ಡಂಡೆಸ್ ೧೯೬೪ರಲ್ಲಿ ಜಾನಪದದ ಯಾವುದೇ ಪ್ರಕಾರವನ್ನು ಪಠ್ಯ, ಅದರ ಹೆಣಿಗೆ ಮತ್ತು ಅದರ ಸಂದರ್ಭ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸಬೇಕೆಂದು ಪ್ರತಿಪಾದಿಸಿದರು. ಚಿತ್ರಗೀತೆಯ ಮಟ್ಟಿಗೆ ಸಾಹಿತ್ಯವು ಪಠ್ಯ. ಕಂಠ, ವಾದ್ಯ, ಲಯಗಳು ಹೆಣಿಗೆ. ಸಂದರ್ಭವು ಮಾತ್ರ ಎರಡು ಬಗೆಯದು: ಚಿತ್ರದ ಕಥೆಯೊಳಗೆ ಆ ಹಾಡಿಗಿರುವ ಸ್ಥಾನ ಒಂದು, ಕೇಳುಗನ ಮನೆಯೊಳಗೆ ಅದು ಪಡೆದ ಸ್ಥಾನ ಇನ್ನೊಂದು. ಧ್ವನಿಮುದ್ರಿಕೆ ಮೊದಲನೆಯ ಸಂದರ್ಭವನ್ನು ಕಳಚಿ ಹಾಕುತ್ತದೆ, ಖಾಸಗಿ ಸಂಗ್ರಹ ಎರಡನೆಯದನ್ನು ಕಟ್ಟಿಕೊಡುತ್ತದೆ. ಮರುನೋಟದಲ್ಲಿ ಈ ಎರಡೂ ಮುಖಾಮುಖಿಯಾಗುತ್ತವೆ.

ಸಂಗ್ರಹದ ವಸ್ತುಗಳ ಸ್ವರೂಪವನ್ನು ಮೊದಲು ಗಮನಿಸಬೇಕು. ಏಕೆಂದರೆ ಹಾಡು ಯಾವ ವಸ್ತುವಿನ ಮೇಲೆ ಮನೆಗೆ ಬಂತು ಎಂಬುದು ಅದು ಹೇಗೆ ನೆನಪಾಗಿ ಉಳಿಯಿತು ಎಂಬುದನ್ನೂ ನಿರ್ಧರಿಸಿದೆ. ಅರಗು ಬೆರೆಸಿ ತಯಾರಿಸಿದ, ನಿಮಿಷಕ್ಕೆ ೭೮ ಸುತ್ತು ತಿರುಗುವ ೧೦ ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಧ್ವನಿಗಷ್ಟೇ ಅವಕಾಶ. ಚಿತ್ರದಲ್ಲಿ ಐದಾರು ನಿಮಿಷ ಹರಿಯುವ ಹಾಡು ತಟ್ಟೆಗೆ ಇಳಿಯುವಾಗ ಒಂದು ಚರಣವನ್ನೋ ನಡುವಿನ ಮಾತನ್ನೋ ವಾದ್ಯಭಾಗವನ್ನೋ ಬಿಟ್ಟುಕೊಡಬೇಕಾಗಿತ್ತು. ಇಲ್ಲವೇ ಎರಡು ಮಗ್ಗುಲಿಗೂ ಹಂಚಿಕೊಂಡು, ತಟ್ಟೆ ತಿರುಗಿಸುವವರೆಗೆ ಹಾಡು ಅರ್ಧದಲ್ಲಿ ನಿಲ್ಲಬೇಕಾಗಿತ್ತು. ಆಮೇಲೆ ಬಂದ ೭ ಅಂಗುಲದ ಇ.ಪಿ. ತಟ್ಟೆಯಲ್ಲಿ ಸಾಮಾನ್ಯವಾಗಿ ಮಗ್ಗುಲಿಗೆರಡರಂತೆ ನಾಲ್ಕು ಹಾಡುಗಳು. ಚಿತ್ರದಲ್ಲಿ ಆರು ಹಾಡುಗಳಿದ್ದರೆ ಎರಡು ಹೊರಗುಳಿದವು ಎಂದೇ ಅರ್ಥ. ೧೨ ಅಂಗುಲದ ಎಲ್.ಪಿ. ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿದಾಗ ಮಾತ್ರ ಇಡೀ ಚಿತ್ರದ ಹಾಡುಗಳು ಒಂದೆಡೆ ಸೇರಿದವು. ಚಿತ್ರಮಂದಿರದ ಬಾಗಿಲಲ್ಲಿ ಕೆಲವು ಪೈಸೆಗೆ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ ಕಥಾಸಾರ, ತಾರಾಗಣ, ಎಲ್ಲ ಹಾಡುಗಳ ಸಾಹಿತ್ಯ ಇರುತ್ತಿತ್ತು. ಕಥಾಸಾರವು ಕ್ಲೈಮ್ಯಾಕ್ಸಿಗೆ ಮುಂಚೆ ನಿಂತು ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂಬ ಧಾಟಿಯಲ್ಲಿ ಮುಗಿಯುವುದು ವಾಡಿಕೆ. ಪ್ರತಿ ಕಳೆದುಹೋದ ಚಿತ್ರಗಳ ವಿಷಯದಲ್ಲಿ ಈ ವಾಡಿಕೆ ಸಂಶೋಧಕರಿಗೆ ಮಾಡಿರುವ ಅನ್ಯಾಯ ಸಣ್ಣದಲ್ಲ.

ಎಪ್ಪತ್ತರ ದಶಕದ ಕೊನೆಯಿಂದ ಕ್ಯಾಸೆಟ್ ಬಂದಮೇಲೆ ಕೇಳುಗನೇ ಸಂಪಾದಕನಾದ. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅಂಗಡಿಯವನು ತುಂಬಿಸಿಕೊಡುತ್ತಿದ್ದ. ಅದೂ ಕೈಗೆಟುಕದವರು ರೇಡಿಯೋದ ಎದುರು ಟೇಪ್‌ರೆಕಾರ್ಡರ್ ಇಟ್ಟು, ಮನೆಯವರಿಗೆಲ್ಲ ಸುಮ್ಮನಿರುವಂತೆ ಹೇಳಿ, ಬರುವ ಹಾಡನ್ನು ಹಿಡಿದುಕೊಳ್ಳುತ್ತಿದ್ದರು. ಇಂತಹ ಟೇಪುಗಳಲ್ಲಿ ಹಾಡಿನ ಮೊದಲ ಸಾಲು ಅರ್ಧ ಕತ್ತರಿಸಿರುತ್ತದೆ. ನಿರೂಪಕರ ಕೊನೆಯ ಮಾತು, ಅಡುಗೆಮನೆಯ ಕುಕ್ಕರಿನ ಸೀಟಿ, ಮಗುವಿನ ಅಳು ಸೇರಿರುತ್ತದೆ. ಧ್ವನಿ ಶುದ್ಧೀಕರಣದ ದೃಷ್ಟಿಯಿಂದ ಇವು ಕಸ. ಪ್ರದರ್ಶನ ಸಂದರ್ಭವನ್ನು ಹುಡುಕಿಕೊಂಡು ಊರೂರು ಅಲೆಯುವ ಜಾನಪದ ಕ್ಷೇತ್ರಕಾರ್ಯಕರ್ತನಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ.

ಒಂದೇ ಹಾಡು ಚಿತ್ರದ ಸುರುಳಿಯ ಅಂಚಿನ ಧ್ವನಿಪಥದಲ್ಲಿ ಒಂದು ರೂಪದಲ್ಲಿ, ತಟ್ಟೆಯ ಮೇಲೆ ಇನ್ನೊಂದು ರೂಪದಲ್ಲಿ, ಹಾಡಿನ ಪುಸ್ತಕದಲ್ಲಿ ಮಗುದೊಂದು ರೂಪದಲ್ಲಿ ಉಳಿಯಬಹುದು. ಲಾವಣಿಯ ಅಥವಾ ಕಥನಗೀತದ ಪಾಠಾಂತರಗಳನ್ನು ಹೋಲಿಸುವವರು ‘ಮೂಲ ಪಾಠ ಯಾವುದು’ ಎಂಬ ಪ್ರಶ್ನೆಯನ್ನು ಬಿಟ್ಟು ಬಹುಕಾಲವಾಯಿತು. ಚಿತ್ರಗೀತೆಯ ವಿಷಯದಲ್ಲಿ ಮಾತ್ರ ತಟ್ಟೆಯ ಪಾಠವೇ ಮೂಲವೆಂಬ ಭಾವನೆ ಇನ್ನೂ ಗಟ್ಟಿಯಾಗಿದೆ. ಇದು ಸರಿಯಲ್ಲ. ತಟ್ಟೆಯ ಲೇಬಲ್ಲನ್ನು ಕೂಡ ಪರಿಶೀಲಿಸದೆ ನಂಬುವಂತಿಲ್ಲ: ೧೯೪೯ರ ಹಿಂದಿ ಚಿತ್ರ ‘ಮಹಲ್’ನ ಪ್ರಸಿದ್ಧ ಹಾಡಿನ ತಟ್ಟೆಯಲ್ಲಿ ಹಾಡಿದ ಲತಾ ಮಂಗೇಶ್ಕರರ ಹೆಸರಿರಲಿಲ್ಲ, ಚಿತ್ರದ ಪಾತ್ರ ಕಾಮಿನಿಯ ಹೆಸರಿತ್ತು. ಹಾಡುವವರು ಅನಾಮಿಕರಾಗಿ, ಪಾತ್ರವೇ ಹಾಡಿತೆಂದು ಕೇಳುಗರು ನಂಬುವುದು ಬಯಲಾಟದ ರಂಗಸ್ಥಳಕ್ಕೆ ಹೊಸದೇನೂ ಅಲ್ಲ.

ಸಂಗ್ರಹದ ಹಾಡನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗ ಏನಾಗುತ್ತದೆ ಎಂಬುದಕ್ಕೆ ೧೯೭೮ರ ‘ಪರಸಂಗದ ಗೆಂಡೆತಿಮ್ಮ’ ಒಳ್ಳೆಯ ನಿದರ್ಶನ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಮಾರುತಿ ಶಿವರಾಂ ನಿರ್ದೇಶಿಸಿದ ಈ ಚಿತ್ರಕ್ಕೆ ಸಂಗೀತ ನೀಡಿದವರು ರಾಜನ್-ನಾಗೇಂದ್ರ. ದೊಡ್ಡರಂಗೇಗೌಡರು ಗ್ರಾಮ್ಯ ನುಡಿಗಟ್ಟಿನಲ್ಲಿ ಬರೆದ ಇದರ ಗೀತೆಗಳು ಚಿತ್ರದಿಂದ ಬೇರ್ಪಟ್ಟು ಶಾಲಾ ವಾರ್ಷಿಕೋತ್ಸವ, ಊರಹಬ್ಬ, ಮದುವೆಯ ಮೈಕ್‌ಸೆಟ್‌ಗಳಲ್ಲಿ ಜನಪದ ಗೀತೆಗಳೆಂದೇ ಸಲ್ಲತೊಡಗಿದವು. ಹಾಡನ್ನಷ್ಟೇ ಬಲ್ಲವರಿಗೆ ಅದು ಹಳ್ಳಿಯ ಹಸಿರು, ಪ್ರಕೃತಿಯ ಸಂಭ್ರಮ. ಚಿತ್ರವನ್ನು ಮತ್ತೆ ನೋಡಿದವರಿಗೆ ಎದುರಾಗುವುದು ಬೇರೆಯೇ ಸಂಗತಿ. ಊರೂರು ಅಲೆದು ಸರಕು ಮಾರುವ ತಿಮ್ಮ, ಪೇಟೆಯ ಸೋಂಕಿನಲ್ಲಿ ಬೆಳೆದು ಬಂದ ಅವನ ಹೆಂಡತಿ ಮರಂಕಿ, ಅವಳ ಸಣ್ಣಪುಟ್ಟ ಬಯಕೆಗಳನ್ನೂ ಅಪರಾಧವೆಂದು ಎಣಿಸುವ ಊರು, ಈ ಮೂವರ ನಡುವಿನ ಬಿಗಿತದಲ್ಲಿ ಹಾಡಿನ ಉಲ್ಲಾಸ ಇನ್ನೇನು ಒಡೆಯಲಿರುವ ಒಂದು ಗುಳ್ಳೆಯಂತೆ ಕಾಣುತ್ತದೆ. ಲೋಕೇಶ್ ಅವರ ಮುಗ್ಧ ಮುಖವನ್ನು ಕಂಡ ಮೇಲೆ ಅದೇ ಧ್ವನಿಮುದ್ರಿಕೆಯನ್ನು ಮೊದಲಿನಂತೆ ಕೇಳುವುದು ಸಾಧ್ಯವಿಲ್ಲ. ತಟ್ಟೆಯಲ್ಲಿ ಸುಳ್ಳೇನೂ ಇಲ್ಲ. ಕಥೆಯ ಭಾರವನ್ನು ಇಳಿಸಿ ಹಾಡನ್ನು ಹಗುರ ಮಾಡಿದ್ದರಿಂದಲೇ ಅದು ಇಷ್ಟು ದೂರ ಸಾಗಿಬಂತು. ಜನಪದ ಕಥನಗೀತಗಳಿಂದ ಬಿಡಿಪದಗಳು ಕಳಚಿಕೊಂಡು ತ್ರಿಪದಿಗಳಾಗಿ ತಿರುಗಾಡುವ ಬಗೆಗೂ ಇದಕ್ಕೂ ಬಹಳ ಹೋಲಿಕೆಯಿದೆ.

ಹಾಡು ಉಳಿದು ಚಿತ್ರವೇ ಮರೆಯಾದ ಪ್ರಸಂಗ ‘ಕಾಡು ಕುದುರೆ’ಯದು. ಚಂದ್ರಶೇಖರ ಕಂಬಾರರು ನಿರ್ದೇಶಿಸಿ, ತಾವೇ ಹಾಡು ಬರೆದ ಈ ಚಿತ್ರದ ಶೀರ್ಷಿಕೆ ಗೀತೆಗಾಗಿ ಶಿವಮೊಗ್ಗ ಸುಬ್ಬಣ್ಣ ಅವರಿಗೆ ೧೯೭೮ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ದೊರೆಯಿತು. ವೃತ್ತಿಯಿಂದ ವಕೀಲರಾಗಿದ್ದ ಸುಬ್ಬಣ್ಣನವರು ೨೦೨೨ರಲ್ಲಿ ನಿಧನರಾಗುವವರೆಗೆ ಸುಗಮ ಸಂಗೀತದ ವೇದಿಕೆಗಳಲ್ಲಿ ಈ ಹಾಡಿನ ಕೋರಿಕೆಯಿಂದ ಪಾರಾದದ್ದು ಕಡಿಮೆ. ಹಾಡನ್ನು ಬಲ್ಲ ಸಾವಿರಾರು ಮಂದಿಯಲ್ಲಿ ಚಿತ್ರ ನೋಡಿದವರು ಎಷ್ಟೋ ವಿರಳ. ಉತ್ತರ ಕರ್ನಾಟಕದ ನುಡಿಯ ಲಯ, ಲಾವಣಿಯ ಏರುಗತಿ, ಎದೆ ತೆರೆದು ಹಾಡುವ ಒಂಟಿ ಕಂಠ, ಇಷ್ಟರಿಂದಲೇ ಕೇಳುಗ ಕುದುರೆಯ ಚಿತ್ರವನ್ನು ತಾನೇ ಕಟ್ಟಿಕೊಂಡಿದ್ದಾನೆ. ಇಂತಹ ಕೇಳುಗನಿಗೆ ಚಿತ್ರವನ್ನು ತೋರಿಸಿದರೆ ಅವನು ನಿರಾಶನಾಗಲೂಬಹುದು. ಆ ನಿರಾಶೆಯನ್ನು ಚಿತ್ರದ ದೋಷವೆಂದು ಬರೆದುಕೊಳ್ಳುವ ಮೊದಲು, ಅವನು ಇಷ್ಟು ವರ್ಷ ಕೇಳಿದ್ದು ಯಾವ ಚಿತ್ರವನ್ನು ಎಂದು ವಿಚಾರಿಸುವುದು ಉಚಿತ.

ಇದರ ತದ್ವಿರುದ್ಧ ಸ್ಥಿತಿ ಹೊಸ ಅಲೆಯ ಚಿತ್ರಗಳದು. ಶಿವರಾಮ ಕಾರಂತರ ೧೯೩೩ರ ಕಾದಂಬರಿಯನ್ನಾಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ ೧೯೭೫ನೇ ಸಾಲಿನ ಸ್ವರ್ಣಕಮಲ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ತುಂಡು ಭೂಮಿಯನ್ನು ಸ್ವಂತಕ್ಕೆ ಉಳುವ ಹಕ್ಕಿಲ್ಲದ ಚೋಮನಿಗೆ ಹೇಳಲಾರದ್ದನ್ನೆಲ್ಲ ಹೇಳಲು ಇರುವುದು ದುಡಿಯೊಂದೇ. ಆ ವಾದ್ಯ ಅಲ್ಲಿ ಹಿನ್ನೆಲೆಯಲ್ಲ, ಮಾತು. ಆದರೆ ಅದನ್ನು ನಾಲ್ಕು ಹಾಡುಗಳ ಇ.ಪಿ.ಯಾಗಿ ಮಾರುವುದು ಹೇಗೆ? ಬಿ.ವಿ. ಕಾರಂತರು ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳಿಗಾಗಿ ೧೯೭೬ ಮತ್ತು ೧೯೭೭ನೇ ಸಾಲುಗಳ ಅತ್ಯುತ್ತಮ ಸಂಗೀತ ನಿರ್ದೇಶಕ ರಾಷ್ಟ್ರಪ್ರಶಸ್ತಿಯನ್ನು ಎರಡು ವರ್ಷ ಬೆನ್ನುಬೆನ್ನಿಗೆ ಪಡೆದರು. ಆದರೂ ಸಾಮಾನ್ಯ ಸಂಗ್ರಾಹಕನ ಕಪಾಟಿನಲ್ಲಿ ಈ ಹೆಸರುಗಳಿಗೆ ಜಾಗವಿರುವುದಿಲ್ಲ. ಹಾಡಾಗದ ಸಂಗೀತ, ಅಂದರೆ ಮಳೆ, ಮಂತ್ರ, ಹೆಜ್ಜೆ, ಮೌನಗಳಿಂದ ನೇಯ್ದ ಧ್ವನಿ, ಚಿತ್ರದ ಪ್ರತಿಯೊಂದಿಗೇ ಬದುಕುತ್ತದೆ, ಅದರೊಂದಿಗೇ ಸಾಯುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವು ಪುನರುಜ್ಜೀವನಗೊಂಡು ೨೦೨೪ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದಾಗ ಬಿಂಬದ ಜೊತೆಗೆ ಉಳಿದುಕೊಂಡದ್ದು ಈ ಧ್ವನಿಯೂ ಹೌದು. ಖಾಸಗಿ ಸಂಗ್ರಹ ಎಷ್ಟೇ ಶ್ರೀಮಂತವಾಗಿದ್ದರೂ ಮಾರುಕಟ್ಟೆ ಮಾರಲು ಒಪ್ಪಿದ್ದನ್ನಷ್ಟೇ ಅದು ಕೂಡಿಡಬಲ್ಲದು ಎಂಬ ಮಿತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.

ಮೌಖಿಕ ಪರಂಪರೆಯಿಂದ ಹೊರಟು ಯಂತ್ರವನ್ನು ಹಾದು ಮತ್ತೆ ಬಾಯಿಗೆ ಮರಳುವ ಪೂರ್ಣ ಸುತ್ತನ್ನು ‘ನಾಗಮಂಡಲ’ದಲ್ಲಿ ಕಾಣಬಹುದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ನಾಟಕ ಬರೆದರು; ಅದನ್ನು ೧೯೯೭ರಲ್ಲಿ ಟಿ.ಎಸ್. ನಾಗಾಭರಣ ಚಿತ್ರವಾಗಿಸಿದರು, ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ಮೂಡಿದ, ಉತ್ತರ ಕರ್ನಾಟಕದ ಜನಪದ ಧಾಟಿಯ ಹೊಸ ಗೀತೆಗಳು ಕ್ಯಾಸೆಟ್ಟಿನ ಮೂಲಕ ಹಳ್ಳಿಗಳಿಗೆ ಹೋದವು. ಈ ನಾಟಕಕ್ಕೆ ಚೌಕಟ್ಟು ಒದಗಿಸಿದ ಕಥೆಯೇ ಸಂಗ್ರಾಹಕರು ಕಿವಿಗೊಡಬೇಕಾದಂಥದು. ಒಬ್ಬ ಗೃಹಿಣಿಗೆ ಒಂದು ಕತೆಯೂ ಒಂದು ಹಾಡೂ ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಕತೆ, ಹಾಡುಗಳು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಕೋಟಾಗಿ, ಇನ್ನೊಂದು ಜೋಡಾಗಿ ಮನೆಯ ಹೊರಗೆ ಕಾಣಿಸಿಕೊಂಡವು. ಗಂಡನಿಗೆ ಸಂಶಯ ಹುಟ್ಟಿತು, ಜಗಳವಾಯಿತು. ಆರಿಸಿದ ಮೇಲೆ ಊರ ದೀಪಗಳ ಕುಡಿಗಳೆಲ್ಲ ರಾತ್ರಿ ಗುಡಿಯಲ್ಲಿ ಸೇರಿ ಆಡಿಕೊಳ್ಳುವ ಮಾತಿನಿಂದ ಅವನಿಗೆ ನಿಜ ತಿಳಿಯುತ್ತದೆ. ಕೇಳಿದಾಗ ಅವಳು, ಯಾವ ಕತೆ, ಯಾವ ಹಾಡು ಎನ್ನುತ್ತಾಳೆ; ಆ ವೇಳೆಗೆ ಎರಡೂ ಅವಳಿಗೆ ಮರೆತುಹೋಗಿವೆ. ಬೀರುವಿನಲ್ಲಿ ಬೀಗ ಹಾಕಿದ ತಟ್ಟೆಗೂ ಬಹುತೇಕ ಹೀಗೆಯೇ ಆಗುತ್ತದೆ. ಅಪರೂಪದ್ದೆಂಬ ಹೆಮ್ಮೆಯಿಂದ ಯಾರಿಗೂ ಕೇಳಿಸದೆ ಇಟ್ಟುಕೊಂಡವರು ತೀರಿದ ಮೇಲೆ ಮಕ್ಕಳಿಗೆ ಅದು ತೂಕಕ್ಕೆ ಹಾಕುವ ಸಾಮಾನು. ಬೆಂಗಳೂರಿನ ಸಂಡೇ ಬಜಾರಿನಂತಹ ಹಳೆಯ ಸಾಮಾನಿನ ಸಂತೆಗಳಲ್ಲಿ ಹೆಸರು ಬರೆದ ತಟ್ಟೆಗಳು ಯಾರದೆಂದು ತಿಳಿಯದೆ ಬಿದ್ದಿರುವುದು ಇದರಿಂದಲೇ.

ಸಂಗ್ರಹದ ಹಾಡು ಹೊರಗೆ ಹರಿದ ದಾರಿಗಳೂ ಇದ್ದವು. ಟೆಂಟ್ ಸಿನಿಮಾದಲ್ಲಿ ಟಿಕೆಟ್ ಕೊಡಲು ಆರಂಭಿಸುವ ಸೂಚನೆಯಾಗಿ ಘಂಟಸಾಲ ಅವರ ವೆಂಕಟೇಶ್ವರ ಸ್ತುತಿಯ ತಟ್ಟೆಯನ್ನು ಹಾಕುವ ರೂಢಿ ಹಳೆಯ ಮೈಸೂರು ಭಾಗದ ಹಿರಿಯರ ನೆನಪಿನಲ್ಲಿ ಇಂದಿಗೂ ಉಳಿದಿದೆ. ಆ ತೆಲುಗು ಹಾಡು ಅವರ ಪಾಲಿಗೆ ಭಕ್ತಿಗೀತೆಗಿಂತ ಹೆಚ್ಚಾಗಿ ಗಡಿಯಾರ. ಅದನ್ನು ಕೇಳಿ ಗದ್ದೆಯಿಂದ ಮನೆಗೆ ಓಡಿ, ಉಂಡು, ಟೆಂಟಿಗೆ ಹೊರಡಬಹುದಾಗಿತ್ತು. ಕಂಪನಿ ನಾಟಕದ ಹಾಡುಗಳ ತಲೆಯ ಮೇಲೆ ‘ಇಂಥ ಮಟ್ಟು’ ಎಂದು ಜನಪ್ರಿಯ ಹಾಡೊಂದನ್ನು ಸೂಚಿಸುತ್ತಿದ್ದಂತೆಯೇ ಹೆಂಗಸರ ಭಜನೆಯ ಪುಸ್ತಕಗಳಲ್ಲಿ, ಆರತಿ ಹಸೆಯ ಹಾಡುಗಳ ಕೈಬರಹದ ನೋಟುಗಳಲ್ಲಿ ಚಿತ್ರಗೀತೆಯ ಹೆಸರು ಬರೆದು ‘ಧಾಟಿ’ ಎಂದು ನಮೂದಿಸುವುದುಂಟು. ಅಂತಹ ನೋಟು, ಅದೇ ಮನೆಯ ಕ್ಯಾಸೆಟ್ ಎರಡನ್ನೂ ಒಟ್ಟಿಗೆ ನೋಡಿದರೆ ಯಾವ ಚಿತ್ರದ ಧಾಟಿ ಯಾವ ದೇವರ ಪಾಲಾಯಿತು ಎಂಬುದು ತಿಳಿಯುತ್ತದೆ. ಬೇರೆ ಬೇರೆ ಮಾಡಿದರೆ ನೋಟು ಹಸ್ತಪ್ರತಿ ವಿಭಾಗಕ್ಕೆ, ಕ್ಯಾಸೆಟ್ ಕಸದ ಬುಟ್ಟಿಗೆ.

ಗ್ರಂಥಾಲಯಗಳ ಹೊಣೆ ಬರುವುದು ಇಲ್ಲಿಯೇ. ಜಾನಪದ ವಸ್ತುಸಂಗ್ರಹಾಲಯಕ್ಕೆ ಒಂದು ಒರಳು ಬಂದರೆ ಯಾವ ಊರು, ಯಾವ ಮನೆತನ, ಯಾರು ಬಳಸುತ್ತಿದ್ದರು ಎಂದು ದಾಖಲಿಸುವುದು ಶಿಸ್ತು. ಧ್ವನಿಮುದ್ರಿಕೆ ಬಂದಾಗ ಚಿತ್ರದ ಹೆಸರು, ಗಾಯಕ, ಸಂಗೀತ ನಿರ್ದೇಶಕ ಇಷ್ಟಕ್ಕೇ ಸೂಚಿ ನಿಲ್ಲುತ್ತದೆ. ಈಗ ಬಹುಪಾಲು ಹಾಡುಗಳು ಅಂತರ್ಜಾಲದಲ್ಲಿ ಸಿಗುವುದರಿಂದ ಸಂಗ್ರಹಗಳೇ ಬೇಡವೆಂಬ ವಾದವೂ ಕೇಳಿಬರುತ್ತದೆ. ಅಲ್ಲಿ ಸಿಗುವುದು ಹಾಡು. ಅದೂ ಹಲವು ಬಾರಿ ಶುದ್ಧೀಕರಿಸಿದ, ಯಾವ ಮುದ್ರಿಕೆಯಿಂದ ಬಂತೆಂದು ಹೇಳದ ಪಾಠ. ತಟ್ಟೆಯ ಮೂಲ ಸಂಖ್ಯೆ, ಲೇಬಲ್ಲಿನ ವಿವರ, ಹೊದಿಕೆಯ ಮೇಲೆ ಮಾಲೀಕ ಬರೆದ ದಿನಾಂಕ ಮತ್ತು ಅಂಗಡಿಯ ಮುದ್ರೆ, ಕಪಾಟಿನಲ್ಲಿ ಯಾವುದರ ಪಕ್ಕ ಯಾವುದಿತ್ತು ಎಂಬ ಕ್ರಮ, ಹೆಚ್ಚು ಸವೆದ ತಟ್ಟೆ ಯಾವುದು ಎಂಬ ಸಾಕ್ಷ್ಯ, ಇವು ಅಲ್ಲಿ ಸಿಗುವುದಿಲ್ಲ. ಮುಳ್ಳು ಅತಿ ಹೆಚ್ಚು ಓಡಾಡಿ ಬೂದುಬಣ್ಣಕ್ಕೆ ತಿರುಗಿದ ಗೆರೆಗಳು ಆ ಮನೆಯ ಮೆಚ್ಚುಗೆಯನ್ನು ಯಾವ ಪ್ರಶ್ನಾವಳಿಗಿಂತಲೂ ಪ್ರಾಮಾಣಿಕವಾಗಿ ಹೇಳುತ್ತವೆ.

ಕಾನೂನಿನ ತೊಡಕನ್ನು ಮುಂದೊಡ್ಡಿ ಸುಮ್ಮನಿರುವುದಕ್ಕೂ ಹೆಚ್ಚಿನ ಆಧಾರವಿಲ್ಲ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮುಂದಿನ ವರ್ಷದ ಆರಂಭದಿಂದ ೬೦ ವರ್ಷ. ೧೯೬೪ ಮತ್ತು ಅದಕ್ಕೂ ಹಿಂದೆ ಹೊರಬಂದ ತಟ್ಟೆಗಳ ಅವಧಿ ಮುಗಿದಿದೆ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಬೇರೆ, ಅದು ಕರ್ತೃವಿನ ಮರಣಾನಂತರ ೬೦ ವರ್ಷ ನಡೆಯುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿದು ಪ್ರಕಟಣೆಗೆ ಮುಂದಾಗಬಾರದು. ಆದರೆ ೨೦೧೨ರ ತಿದ್ದುಪಡಿಯು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ತನ್ನಲ್ಲಿ ಈಗಾಗಲೇ ಇರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಉಳಿಸಿಕೊಳ್ಳಲು ಅವಕಾಶ ನೀಡಿದೆ. ತಟ್ಟೆಗಿಂತ ಕ್ಯಾಸೆಟ್ಟಿನ ಆಯುಷ್ಯ ಕಡಿಮೆ. ಬೂಸು ಹಿಡಿದು, ಪದರ ಅಂಟಿಕೊಂಡು ಟೇಪು ತುಂಡಾಗುವುದು ತಟ್ಟೆ ಒಡೆಯುವುದಕ್ಕಿಂತ ಬೇಗ. ಆದ್ದರಿಂದ ಸರದಿಯಲ್ಲಿ ಮನೆಯಲ್ಲೇ ತುಂಬಿಸಿಕೊಂಡ ಕ್ಯಾಸೆಟ್ಟುಗಳನ್ನು ಮೊದಲು ಪ್ರತಿಮಾಡಿಕೊಳ್ಳಬೇಕಾಗುತ್ತದೆ. ಆ ಕೆಲಸವನ್ನು ಸಂಗ್ರಾಹಕರ ಎದುರಿಗೇ ಮಾಡುವುದು ಮೇಲು. ಟೇಪು ಓಡುತ್ತಿರುವಾಗ ಅವರು ನಡುವೆ ಆಡುವ ಮಾತು, ಯಾವ ಚಿತ್ರಮಂದಿರದಲ್ಲಿ ಯಾರ ಜೊತೆ ನೋಡಿದ್ದು, ಯಾವ ಚರಣ ಇದರಲ್ಲಿ ಬಿಟ್ಟುಹೋಗಿದೆ, ಎಲ್ಲಿ ತಾವೇ ಗುಂಡಿ ಒತ್ತಿ ನಿಲ್ಲಿಸಿದ್ದು ಎಂಬುದನ್ನೆಲ್ಲ ಇನ್ನೊಂದು ಯಂತ್ರದಲ್ಲಿ ದಾಖಲಿಸಿಕೊಂಡು, ಅದಕ್ಕೂ ಆ ಕ್ಯಾಸೆಟ್ಟಿನ ಸಂಖ್ಯೆಯನ್ನೇ ಕೊಟ್ಟು, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಹುದು.